ಎಲ್ಲಕ್ಕೂ ಬರುತ್ತೆ ಸಾರ್

ಇಂದಿರಾನಗರದ ಸಿಎಂಎಚ್ ರಸ್ತೆಯ ಅಂಗಡಿಯಲ್ಲಿ ವೈಫೈ ಡಾಂಗಲ್ ಕೈಗಿಡುತ್ತಾ ಹುಡುಗ ಹೇಳಿದ: “ಎಲ್ಲಕ್ಕೂ ಬರುತ್ತೆ ಸಾರ್, ಹಾಕಿದ್ರೆ ಆಯ್ತು.”

“ಲಿನಕ್ಸ್‌ಗೂ?”

“ಅದೂ ವಿಂಡೋಸ್ ಥರಾನೇ ಅಲ್ವಾ ಸಾರ್?”

ಆ ಧೈರ್ಯಕ್ಕೆ ಮರುಳಾಗಿ ದುಡ್ಡು ಕೊಟ್ಟೆ. ಅವನನ್ನು ಬೈಯುವಂತೆಯೂ ಇಲ್ಲ. 1996ರಲ್ಲಿ ಯುಎಸ್‌ಬಿ ಹೊರಟಿದ್ದೇ ಎಲ್ಲಕ್ಕೂ ಒಂದೇ ತೂತು ಸಾಕು ಎಂಬ ಹಂಬಲದಿಂದ. ತೂತು ಒಂದಾಯಿತು, ಮಾತು ಒಂದಾಗಲಿಲ್ಲ. ಕೀಬೋರ್ಡು, ಪೆನ್‌ಡ್ರೈವುಗಳಿಗೆ ಎಲ್ಲರೂ ಒಪ್ಪಿದ ಭಾಷೆಯಿದೆ. ವೈಫೈ ಚಿಪ್ಪುಗಳದು ಮಾತ್ರ ಒಂದೊಂದರದು ಒಂದೊಂದು ರಾಗ.

ಕೆ.ಆರ್. ಪುರದ ಮನೆಗೆ ಬಂದು ಚುಚ್ಚಿದೆ. ದೀಪ ಮಿಣುಕಿತು. ಪರದೆಯ ಮೇಲೆ ಬಂದದ್ದು ವೈಫೈ ಅಲ್ಲ, ಸಿ.ಡಿ.! ಉಗುರಿನಷ್ಟು ದೊಡ್ಡ ಡಾಂಗಲ್ಲು ಸಿ.ಡಿ. ಡ್ರೈವಿನ ವೇಷ ಹಾಕಿ ಕೂತಿತ್ತು. ಹೊಟ್ಟೆಯಲ್ಲಿ ವಿಂಡೋಸ್‌ಗೆ ಬೇಕಾದ ಸಾಮಾನು. ಇಂಥ ವೇಷ ಕಳಚಿಸಲೆಂದೇ ಲಿನಕ್ಸ್‌ನಲ್ಲಿ ‘ಯುಎಸ್‌ಬಿ ಮೋಡ್‌ಸ್ವಿಚ್’ ಎಂಬ ತಂತ್ರಾಂಶವಿದೆ. ನಾನು ಬರೀ ‘ಇಜೆಕ್ಟ್’ ಒತ್ತಿದೆ. ಸಿ.ಡಿ. ಮಾಯ, ಬೇರೆ ನಂಬರಿನ ಇನ್ನೊಂದು ಸಾಧನ ಪ್ರತ್ಯಕ್ಷ.

ಇಲ್ಲಿ ನಂಬರೇ ಸರ್ವಸ್ವ. ‘ಎಲ್‌ಎಸ್‌ಯುಎಸ್‌ಬಿ’ ಎಂದು ಟೈಪಿಸಿದರೆ ಪ್ರತಿ ಸಾಧನಕ್ಕೂ ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಜೋಡಿ: ಮೊದಲನೆಯದು ಕಂಪನಿಯದು, ಎರಡನೆಯದು ಮಾಲಿನದು. ಇಂದಿರಾನಗರದ ಮೇನು, ಕ್ರಾಸು ಇದ್ದ ಹಾಗೆ. ಲಿನಕ್ಸ್‌ನ ತಿರುಳಾದ ಕರ್ನೆಲ್ಲು ಡಬ್ಬಿಯ ಹೆಸರು ಓದುವುದಿಲ್ಲ. ಮೇನು-ಕ್ರಾಸು ಹೇಳಿ, ಅಲ್ಲಿಗೆ ಬರುವ ಡ್ರೈವರ್ ಯಾರಪ್ಪಾ ಎನ್ನುತ್ತದೆ. ನನ್ನ ಕ್ರಾಸಿಗೆ ಒಬ್ಬರೂ ಒಪ್ಪಲಿಲ್ಲ, ಸಂಜೆ ಟಿನ್ ಫ್ಯಾಕ್ಟರಿ ಮುಂದಿನ ಆಟೋದವರ ಹಾಗೆ.

ಹಲಸೂರಿನ ಗೆಳೆಯನ ಬಳಿ ಅದೇ ಹೆಸರಿನ ಡಾಂಗಲ್ಲು ಮೊದಲ ದಿನದಿಂದ ಓಡುತ್ತಿದೆ. ಎರಡು ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಬಾರ್‌ಕೋಡಿನ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ನನ್ನದರ ಮೇಲೆ ‘ವಿ2’ ಎಂದಿತ್ತು. ಒಳಗಿನ ಚಿಪ್ಪೇ ಬೇರೆ. ಹೋಟೆಲಿನ ಬೋರ್ಡು ಹಳೆಯದೇ, ಭಟ್ಟರು ಬದಲಾಗಿದ್ದರು.

ಅಂಗಡಿಗೆ ಹೋದರೆ, “ಬಾಕ್ಸ್ ಓಪನ್ ಆಗಿದೆ ಸಾರ್.”

ಅದೇ ವಾರ ಶಿವಾಜಿನಗರದ ಗುಜರಿಯಲ್ಲಿ ಹಳೆಯ ಸ್ಕ್ಯಾನರೊಂದು ಸಿಕ್ಕಿತು. ಹೊಸ ವಿಂಡೋಸ್‌ಗೆ ಡ್ರೈವರ್ ಕೊಡದೆ ಹೆತ್ತವರೇ ಕೈಬಿಟ್ಟ ಮಾಲು. “ಓಡಿದ್ರೆ ನಿಮ್ಮ ಅದೃಷ್ಟ” ಎಂದೇ ಗುಜರಿ ಸಾಹೇಬರು ಕೊಟ್ಟಿದ್ದರು. ಚುಚ್ಚಿದೆ. ಲಿನಕ್ಸ್‌ನಲ್ಲಿ ಸ್ಕ್ಯಾನರುಗಳನ್ನು ಓಡಿಸುವ ‘ಸೇನ್’ ಯೋಜನೆಯವರು ಯಾವತ್ತೋ ಬರೆದಿಟ್ಟ ಕೋಡು ಅದರ ನಂಬರನ್ನು ಥಟ್ಟನೆ ಗುರುತು ಹಿಡಿಯಿತು. ಗಾಜಿನಡಿ ಬೆಳಕಿನ ಪಟ್ಟಿ ಗರ್ರೆನ್ನುತ್ತಾ ತೆವಳಿತು.

ಮೊದಲು ಸ್ಕ್ಯಾನ್ ಮಾಡಿದ್ದು ಡಾಂಗಲ್ಲಿನ ಬಿಲ್ಲು.