ಹುಮನಾಬಾದ್ ಗೈರಾಣದಲ್ಲಿ ಬಂದೂಕಿಲ್ಲದ ಬೇಟೆ

ನಮ್ಮ ಟೀಮಿನಲ್ಲಿ ಟೆಕ್ಸಾಸಿನವನೊಬ್ಬ ಇದ್ದಾನೆ. ಶುಕ್ರವಾರದ ಕಾಲ್ ಮುಗಿಯುತ್ತಿದ್ದಂತೆ ಅವನ ಕೊಯೊಟಿ ಬೇಟೆಯ ಕಥೆ ಶುರು. ಕೊಯೊಟಿ ಅಂದ್ರೆ ತೋಳಕ್ಕಿಂತ ಚಿಕ್ಕದಾದ, ನಮ್ಮ ನರಿಯ ದೂರದ ನೆಂಟ ಅನ್ನಬಹುದಾದ ಅಮೆರಿಕದ ಪ್ರಾಣಿ. ಅದನ್ನು ಅಟ್ಟಿಸಿಕೊಂಡು ಹೋಗುವುದಿಲ್ಲವಂತೆ, ಕರೆಯುತ್ತಾರಂತೆ. ಗಾಯಗೊಂಡ ಮೊಲ ಚೀರುವ ಹಾಗೆ ಒಂದು ಪೀಪಿ ಊದುತ್ತಾರೆ. ಒಬ್ಬ ಊದುವವನು, ಇನ್ನೊಬ್ಬ ಬಂದೂಕು ಹಿಡಿದವನು. ಕೊಯೊಟಿ ನೇರವಾಗಿ ಬರುವುದಿಲ್ಲ. ಸುತ್ತು ಹಾಕಿ, ಊದುವವನ ಮೈವಾಸನೆ ಗಾಳಿಯಲ್ಲಿ ತೇಲಿ ಹೋಗುವ ಕಡೆಯಿಂದ ಮೂಸಿ ನೋಡುತ್ತದೆ. ಹಾಗಾಗಿ ಬಂದೂಕಿನವನು ಆ ಕಡೆಯೇ ಅಡಗಿ ಕೂರುತ್ತಾನೆ. ಕಾಲು ಗಂಟೆ ಕಾದು ಏನೂ ಬರದಿದ್ದರೆ ಜಾಗ ಬದಲಿಸುತ್ತಾರೆ.

ಕೇಳಿದಾಗ ನನಗೆ ನೆನಪಾದದ್ದು ಹುಮನಾಬಾದಿನ ನಮ್ಮ ಮಾಮಾನ ಊರು. ಅಲ್ಲೂ ಸಂಜೆಯಾದರೆ ನರಿ ಕೂಗುತ್ತವೆ. ಆ ಕೂಗಿನ ಲೆಕ್ಕ ಗೊತ್ತಿರುವ ಒಬ್ಬ ಕಾಕಾ ಇದ್ದಾರೆ, ಮಾಮಾನ ದೋಸ್ತ, ಕುರಿ ಕಾಯುವವರು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆಗೆಂದು ಹೋದವನು ಎರಡು ದಿನ ಹೆಚ್ಚಿಗೆ ಉಳಿದು ಅವರ ಬೆನ್ನು ಹತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ನಮ್ಮಲ್ಲಿ ಈ ಬೇಟೆ ಅಪರಾಧ. ತೋಳ, ನರಿ ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ಕೊಲ್ಲಲೆಂದು ಆಮಿಷ ಒಡ್ಡುವುದು ಎಲ್ಲವೂ ಬೇಟೆಯೇ.

ಹಾಗಂತ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹುಮನಾಬಾದಿನಿಂದ ಸೋಲಾಪುರದ ಕಡೆ ಹೆದ್ದಾರಿ ಹಿಡಿದು, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿದರೆ ಬಸವಕಲ್ಯಾಣ. ಬಸವಣ್ಣನವರಿಗೂ ಮೊದಲೇ ಇದು ಚಾಲುಕ್ಯರ ರಾಜಧಾನಿ ಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಆಳಿದ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಅಡುಗೆ, ಸಂಗೀತ, ಆನೆ, ಒಡವೆಗಳ ಜೊತೆಗೆ ಬೇಟೆಗೂ ಅದರಲ್ಲಿ ದೊಡ್ಡ ಜಾಗ. ನಾಯಿ ಬಿಟ್ಟು ಆಡುವ ಬೇಟೆ, ಗಿಡುಗ ಹಾರಿಸಿ ಆಡುವ ಬೇಟೆ, ಪಳಗಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವ ಬೇಟೆ, ಹೀಗೆ. ಮೃಗವನ್ನು ತಾನಾಗಿಯೇ ನಮ್ಮ ಹತ್ತಿರ ಬರುವಂತೆ ಮಾಡುವ ಜಾಣತನ ಕಲ್ಯಾಣದ ಅರಮನೆಯಲ್ಲಿ ಒಂಬೈನೂರು ವರ್ಷದ ಹಿಂದೆಯೇ ಇತ್ತು. ಮಧ್ಯಾಹ್ನ ಕೋಟೆಯ ಬುರುಜಿನ ಮೇಲೆ ನಿಂತು ಸುತ್ತಲಿನ ಬಯಲು ನೋಡಿದೆ. ಈಗ ಕಣ್ಣಳತೆಯವರೆಗೂ ತೊಗರಿ ಕೊಯ್ದ ಹೊಲ, ನಡುನಡುವೆ ಜೋಳ, ಕಬ್ಬು. ಹುಲ್ಲು ಉಳಿದಿರುವುದು ಕಲ್ಲು ನೆಲದಲ್ಲಿ ಮತ್ತು ಗೈರಾಣದಲ್ಲಿ ಮಾತ್ರ.

ಸಂಜೆ ಐದೂವರೆಗೆ ನಾನೂ ಕಾಕಾನೂ ಅಂಥದ್ದೇ ಒಂದು ಗೈರಾಣದ ಏರಿಗೆ ಹೊರಟೆವು. ಕಾಕಾನ ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಏರಿ ಹತ್ತಿದವರೇ ಚೂರು ಮಣ್ಣು ಉದುರಿಸಿ ನೋಡಿದರು.

“ಗಾಳಿ ಪೂರ್ವದಿಂದ ಬರ್ಲಾಕತ್ತದ. ಈ ಬಂಡಿ ಮರಿಗಿ ಕುಂದ್ರು. ಫೋನ್ ಒಳಗಿಡು ತಮ್ಮಾ, ಬೆಳಕ ಕಂಡ್ರ ಗಪ್ ಆಗ್ತಾವ ಅವು.”

ಟೆಕ್ಸಾಸಿನವನ ಪಾಠವೇ! ಅವನು ವಿಡಿಯೊ ನೋಡಿ ಕಲಿತದ್ದನ್ನು ಕಾಕಾ ಕುರಿ ಹಿಂದೆ ನಡೆದು ಕಲಿತಿದ್ದಾರೆ, ಅಷ್ಟೇ ವ್ಯತ್ಯಾಸ.

ಹೊತ್ತು ಮುಳುಗಿತು. ಟಿಟ್ಟಿಭ ಒಂದೆರಡು ಸಲ ಕೂಗಿ ಸುಮ್ಮನಾಯಿತು. ಹೆದ್ದಾರಿಯ ಲಾರಿಗಳ ಸದ್ದು ದೂರದಿಂದ ಗುಯ್ ಎನ್ನುತ್ತಿತ್ತು. ಇಪ್ಪತ್ತು ನಿಮಿಷ ಸುಮ್ಮನೆ ಕೂರುವುದು ನಮ್ಮಂಥವರಿಗೆ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಜೇಬಿಗೆ ಕೈ ತಾನಾಗಿಯೇ ಹೋಗುತ್ತದೆ.

ಆಮೇಲೆ ಹಳ್ಳದ ಕಡೆಯಿಂದ ಒಂದು ಎಳೆದ ದನಿ. ಅದು ಮೇಲೇರುತ್ತಿದ್ದಂತೆ ಇನ್ನೊಂದು ಸೇರಿಕೊಂಡಿತು. ನಂತರ ಚಿಳ್ಳನೆಯ ಒದರಾಟ, ಐದಾರು ಗಂಟಲು ಒಟ್ಟಿಗೆ. ಎದುರು ದಿಬ್ಬದಿಂದ ಇನ್ನೊಂದು ಗುಂಪು ಓಗೊಟ್ಟಿತು. ನರಿಗಳು ಜೋಡಿಯಾಗಿ ಸಂಸಾರ ಮಾಡುವ ಪ್ರಾಣಿಗಳು. ಈ ಕೂಗು ಮನೆಮಂದಿಯನ್ನು ಕೂಡಿಸುವುದಕ್ಕೂ ಹೌದು, ಈ ಜಾಗ ನಮ್ಮದು ಎಂದು ಪಕ್ಕದ ಗುಂಪಿಗೆ ಹೇಳುವುದಕ್ಕೂ ಹೌದು. ಒಂದೇ ನಿಮಿಷದಲ್ಲಿ ಎಲ್ಲ ಮುಗಿಯಿತು. ನನ್ನ ಮೈಮೇಲಿನ ಕೂದಲು ಮಾತ್ರ ಇನ್ನೂ ನಿಂತೇ ಇತ್ತು.

“ಕಾಕಾ, ನೀವು ಕೂಗಿದ್ರ ಓ ಅಂತಾವೇನ್ರಿ?”

“ಸಣ್ಣಾಂವ ಇದ್ದಾಗ ಕೂಗ್ತಿದ್ದೆ, ಓ ಅಂತಿದ್ವು. ಈಗ್ಯಾಕ? ಕರದ್ರ ಕೊಡ್ಲಾಕ ನಮ್ಮತ್ರ ಏನದ?”

ಆಮೇಲೆ ದನಿ ತಗ್ಗಿಸಿ ಹೇಳಿದರು, “ನರಿ ಹಿಂಗ ಒದರ್ಲಾಕತ್ತಾವ ಅಂದ್ರ ನಾ ಆರಾಮ ಮಲಗ್ತೀನಿ. ತೋಳ ಸನೇಕ ಬಂದಾಗ ಇವು ಗಪ್. ಆ ದಿನ ನಿದ್ದಿಲ್ಲ.”

ಕಾಕಾ ರಾತ್ರಿ ರೈತರ ಹೊಲದಲ್ಲಿ ಕುರಿ ತರುಬುತ್ತಾರೆ. ಹಿಕ್ಕೆ, ಗಂಜಲ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಕಾಳೋ ರೊಕ್ಕವೋ ಸಿಗುತ್ತದೆ. ಹೋದ ಮಳೆಗಾಲದಲ್ಲಿ ಒಂದೇ ರಾತ್ರಿ ಎರಡು ಮರಿ ಹೋದವು. ನಾಯಿ ಬೊಗಳುವಷ್ಟರಲ್ಲಿ ತೋಳ ಬಲೆ ಹಾರಿ ಹೋಗಿತ್ತಂತೆ. ಒಂದು ಮರಿಗೆ ಐದಾರು ಸಾವಿರ ಅಂದರೂ ಅವರ ತಿಂಗಳ ಖರ್ಚು ಅಲ್ಲಿಗೆ ಮುಗಿಯಿತು. ಕಾಡುಪ್ರಾಣಿ ಜಾನುವಾರು ಕೊಂದರೆ ಸರ್ಕಾರದ ಪರಿಹಾರ ಇದೆ ನಿಜ. ಆದರೆ ಅದಕ್ಕೆ ಸತ್ತ ಪ್ರಾಣಿಯನ್ನು ತೋರಿಸಬೇಕು, ಪಶುವೈದ್ಯರು ನೋಡಬೇಕು. ತೋಳ ಮರಿಯನ್ನು ಇಡಿಯಾಗಿ ಹೊತ್ತೊಯ್ದ ಮೇಲೆ ತೋರಿಸುವುದು ಏನನ್ನು? ಕಾಗದ ಓಡಾಡುವಷ್ಟರಲ್ಲಿ ಹಿಂಡು ಮುಂದಿನ ಊರಿಗೆ ಹೋಗಿರುತ್ತದೆ.

ಸಿಟ್ಟಿಗೆದ್ದು ವಿಷ ಇಡುವವರೂ ಇದ್ದಾರೆ. ಕಾಕಾ ಇಡುವುದಿಲ್ಲ. “ಇಷಾ ಇಟ್ರ ಮೊದಲ ಸಾಯೋದು ನನ್ನ ನಾಯಿ” ಎಂಬುದು ಅವರ ಲೆಕ್ಕ. ಅದರ ಹಿಂದೆ ಇನ್ನೊಂದು ಮಾತೂ ಇತ್ತು. “ಅದರ ಹುಲ್ಲು ನಾವು ತಗೊಂಡೀವಿ, ನಮ್ಮ ಮರಿ ಅದು ತಗೋತದ.”

ಈ ಮಾತಿನ ತೂಕ ನನಗೆ ತಿಳಿದದ್ದು ಅಂಕಿ ನೋಡಿದ ಮೇಲೆ. 2022ರ ಗಣತಿಯ ಅಂದಾಜಿನಲ್ಲಿ ದೇಶದಲ್ಲಿ 3,682 ಹುಲಿಗಳಿವೆ. ವಿಜ್ಞಾನಿಗಳ ಅಂದಾಜಿನ ಪ್ರಕಾರ ತೋಳಗಳು ಸುಮಾರು 3,000 ಮಾತ್ರ. ಹುಲಿಗೆ ಕಾಡಿದೆ, ಸಫಾರಿ ಇದೆ. ತೋಳಕ್ಕೆ ಇರುವುದು ಬಹುಪಾಲು ಕುರಿಗಾಹಿಗಳು ಓಡಾಡುವ ಇಂಥ ಬಯಲು, ಅದನ್ನು ನಾವು ದಾಖಲೆಯಲ್ಲಿ ಬಂಜರು ಎಂದು ಬರೆದುಕೊಂಡಿದ್ದೇವೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮ ಘೋಷಣೆಯಾಗಿದೆ, ಒಳ್ಳೆಯದು. ಆದರೆ ಹುಮನಾಬಾದಿನ ತೋಳ ಬದುಕುವುದೋ ಸಾಯುವುದೋ ತೀರ್ಮಾನವಾಗುವುದು ಕಾಕಾನಂಥವರ ಹಟ್ಟಿಯಲ್ಲೇ. ಅದನ್ನು ಉಳಿಸುವ ಖರ್ಚನ್ನು ಸದ್ಯಕ್ಕೆ ಅವರೊಬ್ಬರೇ ಕಟ್ಟುತ್ತಿದ್ದಾರೆ.

ಬೆಂಗಳೂರಿಗೆ ಬಂದು ನಾನು ರಾತ್ರಿ ಮಿಣುಕುವ ಎರಡು ಸೋಲಾರ್ ದೀಪ ಕಳಿಸಿದೆ. ಕಾಕಾ ಫೋನ್ ಮಾಡಿದ್ದರು. “ಎಂಟು ದಿನ ಅಂಜ್ತು, ಆಮ್ಯಾಲ ರೂಢಿ ಆಗ್ತದ ಅದಕ್ಕ. ಅದಕ್ಕ ದಿನಾ ಜಾಗ ಬದಲಿಸಿ ಇಡ್ಲಾಕತ್ತೀನಿ.” ಯೂಸರ್ ಫೀಡ್‌ಬ್ಯಾಕ್ ಅಂದರೆ ಇದು.

ನೀವೂ ಹೋಗುವುದಾದರೆ ಸಂಕ್ರಾಂತಿಯ ಆಸುಪಾಸು ಒಳ್ಳೆಯ ಕಾಲ, ಚಳಿ ಹಿತವಾಗಿರುತ್ತದೆ. ಹುಮನಾಬಾದಿಗೆ ಬೀದರ್–ಕಲಬುರಗಿ ಮಾರ್ಗದ ರೈಲಿದೆ. ಬೆಳಿಗ್ಗೆ ಜಲಸಂಗಿಯ ಚಾಲುಕ್ಯರ ಗುಡಿಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯನ್ನು ನೋಡಿ, ಮಧ್ಯಾಹ್ನ ಕಲ್ಯಾಣದ ಕೋಟೆ, ಸಂಜೆ ತ್ರಿಪುರಾಂತ ಕೆರೆ. ಆಮೇಲೆ ಊರಿನವರೊಬ್ಬರನ್ನು ಜೊತೆ ಮಾಡಿಕೊಂಡು ಬಯಲಿಗೆ ಹೋಗಿ ಕುಳಿತುಕೊಳ್ಳಿ. ಯೂಟ್ಯೂಬಿನ ನರಿ ಕೂಗನ್ನು ಸ್ಪೀಕರಿನಲ್ಲಿ ಹಾಕಬೇಡಿ. ಬೇರೆ ಗುಂಪು ನುಗ್ಗಿತೆಂದು ಅವು ಗಾಬರಿಯಾಗುತ್ತವೆ. ರೀಲ್ಸ್‌ಗೆ ಲೊಕೇಶನ್ ಟ್ಯಾಗ್ ಕೂಡ ಬೇಡ, ಅದನ್ನು ನೋಡಿ ಉರುಳು ಹಿಡಿದವರೂ ಬರಬಹುದು.

ಟೆಕ್ಸಾಸಿನ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. “ಕೊನೆಗೆ ಎಷ್ಟು ಸಿಕ್ಕವು?” ಎಂದು ಕೇಳಿದ. ಎರಡು ಗುಂಪು ಕೇಳಿಸಿತು, ಒಂದೂ ಕಾಣಲಿಲ್ಲ ಅಂದೆ.