ಕರೋಲ್ ಬಾಗಿನ ಕಬ್ಬಿಣದ ಕ್ಷೌರಶಾಲೆ

ದಿಲ್ಲಿಗೆ ಬರುವ ನೆಂಟರಿಷ್ಟರಿಗೆ ನಾವು ತೋರಿಸುವ ಸ್ಥಳಗಳ ಪಟ್ಟಿ ಎಂದೋ ಸಿದ್ಧವಾಗಿದೆ: ಕೆಂಪುಕೋಟೆ, ಕುತುಬ್ ಮಿನಾರು, ರಾಜಘಾಟು, ಕೊನೆಗೆ ಸೀರೆ ಕೊಳ್ಳಲು ಕರೋಲ್ ಬಾಗು. ಆ ಸೀರೆಯಂಗಡಿಗಳಿಂದ ಕೂಗಳತೆಯಲ್ಲಿರುವ ಇನ್ನೊಂದು ಪೇಟೆಯನ್ನು ಮಾತ್ರ ಯಾರೂ ಯಾರಿಗೂ ತೋರಿಸುವುದಿಲ್ಲ. ಅದು ಮೋಟಾರ್ ಸೈಕಲ್ಲುಗಳ ಪೇಟೆ. ಅಲ್ಲಿಯ ಒಂದು ಓಣಿಗೆ ನಾಯಿವಾಲಾ ಎಂದು ಹೆಸರು. ಹೆಸರು ಕೇಳಿ ವಾಚಕರು ಹೆದರಬೇಕಾಗಿಲ್ಲ. ಹಿಂದಿಯಲ್ಲಿ ನಾಯಿ ಎಂದರೆ ಕ್ಷೌರಿಕ. ಇಂದು ಅಲ್ಲಿ ಕ್ಷೌರ ನಡೆಯುವುದು ಕಬ್ಬಿಣಕ್ಕೆ.

ಗುಮಾಸ್ತೆಯ ಕೆಲಸದ ನಮಗೆ ಅಲ್ಲಿ ಹೋಗಬೇಕಾಗಿ ಬಂದದ್ದು ನೆರೆಮನೆಯ ಹುಡುಗನಿಂದ. ತೀರಿಕೊಂಡ ಅವನ ತಂದೆ ಬಿಟ್ಟುಹೋದ ಆಸ್ತಿಯಲ್ಲಿ 1986ರ ಒಂದು ರಾಜದೂತ್ 350 ಇತ್ತು. ಅದನ್ನು 'ಕೆಫೆ ರೇಸರ್' ಮಾಡಿಸಬೇಕೆಂಬುದು ಹುಡುಗನ ಹಟ. ತಾಯಿ ನಮ್ಮನ್ನು ಕರೆದು, "ನೀವೂ ಜೊತೆಗೆ ಹೋಗಿಬನ್ನಿ. ಅವನಿಗೆ ಹುರುಪು ಹೆಚ್ಚು" ಎಂದರು. ಬಂಡಿಯನ್ನು 'ಛೋಟಾ ಹಾಥಿ' ಟೆಂಪೋಗೆ ಹಗ್ಗ ಬಿಗಿದು ಏರಿಸಿ, ಹುಡುಗನನ್ನು ಅದರಲ್ಲೇ ಕೂರಿಸಿ, ನಾವು ಮೆಟ್ರೋದಲ್ಲಿ ಹೊರಟೆವು.

ಕೆಫೆ ರೇಸರ್ ಎಂದರೇನೆಂದು ನಾವೂ ಆಗಲೇ ವಿಚಾರಿಸಿಕೊಂಡದ್ದು. ಇದರ ತವರು ಇಂಗ್ಲೆಂಡ್. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯ ಮೇಲೆ ಏಸ್ ಕೆಫೆ ಎಂಬ ಫಲಾಹಾರ ಮಂದಿರವಿದೆ. 1938ರಲ್ಲಿ ತೆರೆದದ್ದು, ಯುದ್ಧದಲ್ಲಿ ಬಾಂಬಿಗೆ ತುತ್ತಾಗಿ, 1949ರಲ್ಲಿ ಮತ್ತೆ ಎದ್ದಿತು, 1969ರಲ್ಲಿ ಮುಚ್ಚಿ, 2001ರಲ್ಲಿ ಪುನಃ ತೆರೆಯಿತು. 1950ರ ದಶಕದಿಂದ ಅಲ್ಲಿ ಕೂಡುತ್ತಿದ್ದ ತರುಣರಿಗೆ ಒಂದೇ ಧ್ಯಾನ: ಗಂಟೆಗೆ ನೂರು ಮೈಲಿ. ಅದಕ್ಕಾಗಿ ಬಂಡಿಯಿಂದ ಭಾರವಾದುದನ್ನೆಲ್ಲ ಕಿತ್ತರು, ಹಿಡಿಕೆಯನ್ನು ತಗ್ಗಿಸಿದರು, ಕಾಲಿಡುವ ಮೆಟ್ಟುಗಳನ್ನು ಹಿಂದಕ್ಕೆ ಸರಿಸಿದರು. ನಾರ್ಟನ್ ಚೌಕಟ್ಟಿಗೆ ಟ್ರಯಂಫ್ ಇಂಜಿನು ಕೂರಿಸಿ 'ಟ್ರೈಟನ್' ಎಂದು ಕರೆದರು. 1969ರಲ್ಲಿ ಹೋಂಡಾ ಸಿಬಿ 750 ಬಂದಮೇಲೆ ಜಪಾನಿನ ಕಾಲ ಮೊದಲಾಯಿತು. ಆ ಹೋಂಡಾ, ಯಮಾಹಾಗಳು ಹಳತಾದ ಮೇಲೆ ಅವಕ್ಕೂ ಇದೇ ವೇಷ ಬಂತು.

ನಮ್ಮ ರಾಜದೂತನಿಗೂ ಜಪಾನಿನದೇ ರಕ್ತ. ಯಮಾಹಾದ ಆರ್‌ಡಿ 350 ಎಂಬ ಬಂಡಿಯನ್ನು 1983ರಿಂದ ಎಸ್ಕಾರ್ಟ್ಸ್ ಕಂಪನಿ ಫರೀದಾಬಾದಿನಲ್ಲಿ ಈ ಹೆಸರಿನಿಂದ ತಯಾರಿಸಿತು. ಅವಳಿ ಸಿಲಿಂಡರು, 347 ಸಿಸಿ, ಎರಡು ಸ್ಟ್ರೋಕಿನ ಇಂಜಿನು, ಆರು ಗೇರು. ವೇಗಕ್ಕೆ ತಕ್ಕ ನಿಧಾನ ಸವಾರರಲ್ಲಿರಲಿಲ್ಲವಾಗಿ, ಜನ ರಾಜದೂತನನ್ನು 'ಯಮದೂತ' ಎಂದರು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳ ಸದ್ದು ನಮ್ಮಲ್ಲಿ ಅನೇಕರ ಕಿವಿಯಲ್ಲಿದೆಯಷ್ಟೆ. ಅವೂ ಎರಡು ಸ್ಟ್ರೋಕಿನವೇ. ಯೆಜ್ದಿ ಗಂಭೀರವಾಗಿ ಮಾತಾಡಿದರೆ ರಾಜದೂತ ಕಿರುಚುತ್ತಾನೆ, ಅಷ್ಟೆ ವ್ಯತ್ಯಾಸ.

ನಾಯಿವಾಲಾದಲ್ಲಿ ನಡೆಯಲು ಅಭ್ಯಾಸ ಬೇಕು. ಒಂದು ಕಡೆ ಮಾಲೆಗಳಂತೆ ತೂಗುವ ಸೈಲೆನ್ಸರುಗಳು, ಇನ್ನೊಂದು ಕಡೆ ಹಪ್ಪಳದಂತೆ ಜೋಡಿಸಿಟ್ಟ ಕನ್ನಡಿಗಳು. ನೆಲದ ಮೇಲೆ ಬಿಚ್ಚಿ ಹರಡಿದ ಇಂಜಿನುಗಳು, ನಡುವೆ ಚಹಾ ಹಂಚುವ ಹುಡುಗ. ಲಡಾಖಿಗೆ ಹೊರಟವರು ಇಲ್ಲಿ ಬುಲೆಟ್ಟು ಸಜ್ಜುಮಾಡಿಸಿಕೊಳ್ಳುತ್ತಾರೆ. ಜಪಾನಿನ ಹಳೆಯ ಬಂಡಿಗಳ ಮರ್ಮ ಬಲ್ಲವರು ಮಾತ್ರ ವಿರಳ. ಅಂಥ ಒಬ್ಬ ಉಸ್ತಾದರು ಒಳ ಓಣಿಯಲ್ಲಿ ಸಿಕ್ಕಿದರು.

ಅವರು ಮೊದಲು ಬಂಡಿಯನ್ನು ನೋಡಲಿಲ್ಲ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ತುದಿಯನ್ನು ನೋಡಿದರು. "ಇದು ನಾಡಿಯಿದ್ದ ಹಾಗೆ, ಬಾಬೂಜಿ" ಎಂದರು. ತುದಿ ಬಿಳಿಚಿದ್ದರೆ ಪೆಟ್ರೋಲು ಸಾಲದೆ ಇಂಜಿನು ಬೇಯುತ್ತಿದೆ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲು ಹೆಚ್ಚು. ಕಾಫಿಯ ಬಣ್ಣವಿದ್ದರೆ ಆರೋಗ್ಯ. ಕಾಫಿಯ ಹದ ನೋಡುವ ವಿದ್ಯೆ ನಮ್ಮವರಿಗೆ ಹೊಸದಲ್ಲವಾಗಿ, ನಮಗೆ ಪಾಠ ಬೇಗ ಹತ್ತಿತು.

ಕೆಫೆ ರೇಸರ್ ಮಾಡುವವರು ಚೆಂದಕ್ಕೆಂದು ಗಾಳಿ ಸೋಸುವ ದೊಡ್ಡ ಪೆಟ್ಟಿಗೆಯನ್ನು ಕಿತ್ತು, ಲೋಟದಂಥ ಸಣ್ಣ ಫಿಲ್ಟರುಗಳನ್ನು ಹಾಕುತ್ತಾರೆ. ಗಾಳಿ ಹೆಚ್ಚು ನುಗ್ಗುತ್ತದೆ. ಅದಕ್ಕೆ ಸರಿಯಾಗಿ ಕಾರ್ಬುರೇಟರಿನ ಜೆಟ್ಟು ಎಂಬ ತೂತಿನ ಹಿತ್ತಾಳೆ ತಿರುಪನ್ನು ಬದಲಿಸದಿದ್ದರೆ, ಪಿಸ್ಟನ್ ಕಾದು ಹಿಗ್ಗಿ, ಓಡುತ್ತಿರುವಾಗಲೇ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ನಿಂತು ಸವಾರ ನೆಲ ಕಾಣುತ್ತಾನೆ. ಹೊರಗಿನ ಅಂದಕ್ಕೆ ಒಳಗಿನ ಲೆಕ್ಕ ಕೂಡಿಬರಬೇಕೆಂದು ಉಸ್ತಾದರು ಹುಡುಗನಿಗೆ ಮೂರು ಬಾರಿ ಹೇಳಿದರು.

ಆಮೇಲೆ ಮುಖ್ಯವಾದ ಪ್ರಶ್ನೆ ಬಂತು. ಕೆಫೆ ರೇಸರಿಗೆ ಒಂಟಿ ಸೀಟು, ಅದರ ಹಿಂದೆ ಒಂದು ಡುಬ್ಬ. ಅದು ಕೂರಬೇಕಾದರೆ ಚೌಕಟ್ಟಿನ ಹಿಂಬಾಲವನ್ನು ಗರಗಸದಿಂದ ಕೊಯ್ದು, ಕಮಾನಿನಂಥ ಕೊಳವೆಯನ್ನು ಬೆಸೆಯುವುದು ರೂಢಿ. "ಕತ್ತರಿಸಿಬಿಡಲೇ?" ಎಂದು ಉಸ್ತಾದರು ಕೇಳಿದರು. ಹುಡುಗ ತಾಯಿಗೆ ಫೋನು ಮಾಡಿದ. ಆಕೆಯ ದನಿ ನಮಗೂ ಕೇಳಿಸಿತು: "ಹಿಡಿಕೆ ಬೇಕಾದರೆ ಬದಲಾಯಿಸು. ಆ ಉದ್ದನೆಯ ಸೀಟನ್ನು ಎಸೆಯಬೇಡ ಕಣೋ. ನಾನು ನಿನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ಅದರ ಮೇಲೆ." ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಯಿದೆಯ ಮಾತನ್ನು ನಾವು ಹೇಳಿದೆವು. ಕಡತಗಳ ನಡುವೆ ಬಾಳುವವರಿಗೆ ಅದೊಂದು ಚಟ. ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿಹೇಳಿತು. ದಿಲ್ಲಿಯಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲು ಬಂಡಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ ವಿಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2021ರ ನಿಯಮದಂತೆ ಐವತ್ತು ವರ್ಷ ತುಂಬಿದ ಬಂಡಿಗೆ 'ವಿಂಟೇಜ್' ಮನ್ನಣೆಯುಂಟು. ಆದರೆ ಅದರ ಮೂಲರೂಪ ಕೆಟ್ಟಿರಬಾರದು. ಮೊಟ್ಟಮೊದಲ ರಾಜದೂತ್ 350ಕ್ಕೂ ಆ ವಯಸ್ಸು ತುಂಬುವುದು 2033ರಲ್ಲಿ. ಉಳಿದಿರುವ ದಾರಿ ಒಂದು: ನಿರಾಕ್ಷೇಪಣಾ ಪತ್ರ ಪಡೆದು ಬಂಡಿಯನ್ನು ಊರಿಗೆ ಕಳುಹಿಸುವುದು. ಮೈಸೂರಿನಲ್ಲಿ ಹುಡುಗನ ಸೋದರಮಾವನಿದ್ದಾರೆ. ಅಲ್ಲಿ ತಪಾಸಣೆಗೆ ಒಡ್ಡಿ ನೋಂದಣಿಯನ್ನು ನವೀಕರಿಸಿಕೊಳ್ಳಬಹುದು. ಕೊಯ್ದ ಚೌಕಟ್ಟಿಗೆ ಆ ಬಾಗಿಲು ಮುಚ್ಚಿದಂತೆಯೇ.

"ಹಾಗಾದರೆ ಕೊಯ್ಯೋದು ಬೇಡ, ಅಂಕಲ್" ಎಂದ ಹುಡುಗ. ಉಸ್ತಾದರಿಗೂ ಸಮಾಧಾನವೇ ಆದಂತಿತ್ತು. ಬೋಲ್ಟು ಬಿಗಿದು ಬಿಚ್ಚಬಹುದಾದುದನ್ನು ಮಾತ್ರ ಮಾಡುವುದೆಂದು ತೀರ್ಮಾನವಾಯಿತು. ಫೋರ್ಕಿನ ಕೊಳವೆಗಳಿಗೆ ತಗ್ಗಿನ ಜೋಡಿಹಿಡಿಕೆ, ಹಿಂಜರಿದ ಕಾಲ್ಮೆಟ್ಟು, ಹಳೆಯ ತೂತುಗಳಿಗೇ ಕೂರುವ ಒಂಟಿ ಸೀಟು. ಗಾಳಿಪೆಟ್ಟಿಗೆ ಅಲ್ಲೇ ಉಳಿಯಿತು. ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ ಗೋಣಿಚೀಲಕ್ಕೆ ಸೇರಿಸಿದರು. ಉದ್ದನೆಯ ಸೀಟನ್ನು ಹುಡುಗ ತಾನೇ ಹಳೆಯ ಪಂಚೆಯಲ್ಲಿ ಸುತ್ತಿದ. ಒಂದು ತಿಂಗಳ ಮೇಲೆ ಓಣಿಯಲ್ಲಿ ನಿಲ್ಲಿಸಿ ಕಿಕ್ ಹೊಡೆದಾಗ ನೀಲಿ ಹೊಗೆಯೆದ್ದು, ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಇಂಜಿನು ಆರಿಸಿ ಪ್ಲಗ್ಗು ಬಿಚ್ಚಿದರೆ, ಕಾಫಿಯ ಬಣ್ಣ!

ಈಗ ಬಂಡಿ ಹುಡುಗನ ಮನೆಯ ಒಳಂಗಳದಲ್ಲಿದೆ, ರಸ್ತೆಗಿಳಿಯುವುದಿಲ್ಲ. ಪತ್ರ ಕೈಸೇರಿದೊಡನೆ ಹಳೆಯ ಸೀಟು ಹಿಡಿಕೆಗಳನ್ನು ಮತ್ತೆ ಹಾಕಿಸಿಕೊಂಡು ರೈಲು ಹತ್ತಲಿದೆ. ಆ ಸೀಟಿನ ಮೇಲೆ ತಾಯಿಯನ್ನು ಕೂರಿಸಿಕೊಂಡು ಚಾಮುಂಡಿಬೆಟ್ಟಕ್ಕೆ ಹೋಗಿಬರುವೆನೆಂದು ಹುಡುಗ ಮಾತುಕೊಟ್ಟಿದ್ದಾನೆ. ಊರು ಬಿಟ್ಟು ಬಂದ ನಾವೆಲ್ಲ ಇಲ್ಲಿಯ ಬದುಕಿಗೆ ತಕ್ಕಂತೆ ಹಿಡಿಕೆ ತಗ್ಗಿಸಿಕೊಂಡವರೇ, ಮೆಟ್ಟು ಹಿಂದೆ ಸರಿಸಿಕೊಂಡವರೇ. ಅದರಲ್ಲಿ ತಪ್ಪಿಲ್ಲ. ಬಿಚ್ಚಿಟ್ಟದ್ದರ ಗೋಣಿಚೀಲ ಎಲ್ಲಿದೆಯೆಂಬುದು ಮಾತ್ರ ಮನೆಯವರಿಗೆಲ್ಲ ಗೊತ್ತಿರಬೇಕು. ಕರೋಲ್ ಬಾಗಿಗೆ ಸೀರೆಗೆಂದು ಹೋದಾಗ ಒಮ್ಮೆ ನಾಯಿವಾಲಾಕ್ಕೂ ಹೋಗಿಬನ್ನಿ. ಸೋಮವಾರ ಬೇಡ, ಅಂದು ಪೇಟೆಗೆ ರಜ.