ಬೀಸುವ ವಿದ್ಯೆ

ಬೀಸುವುದೆಂದರೆ ನಮಗೆ ಬಹುಕಾಲದವರೆಗೆ ತಿಳಿದಿದ್ದುದು ಎರಡೇ ಬಗೆ. ನಮ್ಮ ಅಜ್ಜಿ ನಸುಕಿನಲ್ಲೆದ್ದು ಹಾಡುತ್ತ ಜೋಳ ಬೀಸುವುದು ಒಂದು. ಊರ ಶಾಲೆಯ ಮಾಸ್ತರರು ಬೆತ್ತ ಬೀಸುವುದು ಮತ್ತೊಂದು. ಮೊದಲನೆಯದರಿಂದ ರೊಟ್ಟಿ ದೊರೆಯುತ್ತಿತ್ತು. ಎರಡನೆಯದರಿಂದ ವಿದ್ಯೆ ದೊರೆಯುವುದೆಂದು ಹಿರಿಯರು ನಂಬಿದ್ದರು. ವಿಜಯಪುರದ ಕಡೆಯ ಹಳ್ಳಿಯಿಂದ ಪುಣೆಗೆ ಬಂದು, ಕನ್ನಡ ಕಲಿಸುವ ಕಾಯಕ ಹಿಡಿದು, ಮೂವತ್ತೈದು ದಾಟಿದ ಮೇಲೆ ಬೀಸುವುದಕ್ಕೆ ಮೂರನೆಯ ಬಗೆಯೊಂದುಂಟೆಂದು ನಾವು ಕಲಿತೆವು. ಕಲಿಸಿದವನು ನಮ್ಮ ಶಿಷ್ಯನೇ. ಹೆಸರು ಮಾತ್ರ ಬೇಡ. ಈ ಸಂಚಿಕೆಯನ್ನು ಅವನೂ ಓದುವನು.

ಆಗ ಅವನು ಎಂಟನೆಯ ಇಯತ್ತೆಯಲ್ಲಿದ್ದನು. ಆಟದಲ್ಲಿ ಚುರುಕು, ಮಾತಿನಲ್ಲಿಯೂ ಚುರುಕು. ಆದರೆ ಪುಸ್ತಕ ಹಿಡಿದು ನಿಂತನೆಂದರೆ ಅಕ್ಷರಗಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದುವು. ತಿದ್ದುವುದೇ ಮಾಸ್ತರನ ಧರ್ಮವೆಂದು ನಾವು ತಿಳಿದಿದ್ದೆವು. 'ಒತ್ತಕ್ಷರ ನೋಡು', 'ದೀರ್ಘ ಬಿಟ್ಟೆ', 'ಹಕಾರವೆಲ್ಲಿ ಹೋಯಿತು?', 'ನೆಟ್ಟಗೆ ನಿಲ್ಲು' ಎಂದು ಒಂದು ವಾಕ್ಯ ಮುಗಿಯುವುದರೊಳಗೆ ನಾಲ್ಕು ಸಲ ತಡೆಯುತ್ತಿದ್ದೆವು. ತಡೆದಷ್ಟೂ ಅವನು ಹೆಚ್ಚು ತಡವರಿಸುತ್ತಿದ್ದನು. ವರ್ಗದವರು ನಗುತ್ತಿದ್ದರು. ಒಂದು ದಿನ ನಾವೂ ನಕ್ಕೆವು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಎಂಟು ದಿನ ಕಾದು, ಒಂದು ರವಿವಾರ ಅವನ ಮನೆಯನ್ನು ಹುಡುಕುತ್ತ ಯರವಡೆಗೆ ಹೋದೆವು. ಯರವಡೆಯೆಂದೊಡನೆ ಅಲ್ಲಿಯ ಸೆರೆಮನೆಯೂ, 1932ರಲ್ಲಿ ಗಾಂಧೀಜಿಯವರು ಅಲ್ಲಿ ಕೈಕೊಂಡ ಉಪವಾಸವೂ ನೆನಪಾಗುತ್ತವೆ. ಅದೇ ಯರವಡೆಯಲ್ಲಿ, ವಿಮಾನ ನಿಲ್ದಾಣದ ಕಡೆಗೆ ಹೋಗುವ ರಸ್ತೆಯ ಬದಿಗೆ, ಪೂನಾ ಕ್ಲಬ್ಬಿನ ಗಾಲ್ಫ್ ಮೈದಾನವಿದೆ. ಹುಡುಗನ ತಂದೆ ಕಲಬುರಗಿಯ ಕಡೆಯವರು. ಗಾಲ್ಫ್ ಆಡುವವರ ಕೋಲುಗಳ ಚೀಲವನ್ನು ಹೊತ್ತು ನಡೆಯುವ ಕ್ಯಾಡಿಯ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿದವರು. ಒಂದು ಚೀಲದಲ್ಲಿ 14 ಕೋಲುಗಳವರೆಗೆ ಇರಬಹುದೆಂಬುದು ಆಟದ ನಿಯಮ. ಅಷ್ಟು ಭಾರ ಹೊತ್ತವರು ಮಗನ ಹೆಗಲಿಗೆ ಪುಸ್ತಕದ ಚೀಲವನ್ನೇ ಹಾಕಬೇಕೆಂದು ಬಯಸಿದ್ದರು.

ನಾವು ದಾರಿಯಲ್ಲಿ ಉಪದೇಶವೊಂದನ್ನು ಸಿದ್ಧಪಡಿಸಿಕೊಂಡಿದ್ದೆವು. ಆದರೆ ಚಹಾ ಬಂದಿತು. ಹುಡುಗ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತನು. ಉಪದೇಶ ಬಾಯಿಗೆ ಬರಲಿಲ್ಲ. ಮೂಲೆಯಲ್ಲಿ ಕಬ್ಬಿಣದ ತಲೆಯ ಹಳೆಯ ಕೋಲೊಂದಿತ್ತು. ಮಾತಿಗೆ ಬೇರೆ ಮೊದಲು ಸಿಗದೆ, "ಇದನ್ನು ಹಿಡಿಯುವುದು ಹೇಗೆ?" ಎಂದು ಕೇಳಿದೆವು. ಅವರು ಸಂತೋಷದಿಂದ ನಮ್ಮನ್ನು ಮನೆಯ ಹಿಂದಿನ ಬಯಲಿಗೆ ಕರೆದೊಯ್ದರು. ತೂತುಗಳುಳ್ಳ ಹಗುರವಾದ ಪ್ಲಾಸ್ಟಿಕ್ ಚೆಂಡೊಂದನ್ನು ನೆಲದ ಮೇಲಿಟ್ಟರು.

ಎಸೆದ ಚೆಂಡನ್ನು ಕ್ರಿಕೆಟ್ಟಿನಲ್ಲಿ ಹೊಡೆದವರಿಗೆ ಕುಳಿತ ಚೆಂಡನ್ನು ಹೊಡೆಯುವುದು ಯಾವ ಮಹಾ ಕೆಲಸ? ಹನ್ನೊಂದು ಸಲ ಬೀಸಿದೆವು. ಒಂಬತ್ತು ಸಲ ಗಾಳಿಯನ್ನೂ ಎರಡು ಸಲ ಭೂಮಿಯನ್ನೂ ಹೊಡೆದೆವು. ಹುಡುಗ ನಗಲಿಲ್ಲ. ಅವನು ನಕ್ಕಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಕಟಿಗಿ ಕಡ್ಯಾಕ ನಿಂತಂಗ ನಿಂತೀರಲ್ರಿ ಸರ," ಎಂದರು ತಂದೆ. "ಆಕಳ ಹಿಂಡಾಗ ಹ್ಯಾಂಗ ಹಿಡೀತೀರಿ? ಬಿಗೀ ಹಿಡದ್ರ ಒದೀತದ, ಸಡ್ಲ ಬಿಟ್ರ ಹಾಲ ಬರಂಗಿಲ್ಲ." ಬಳಿಕ ಮಗನ ಕಡೆ ತಿರುಗಿ, "ಸರಿಗೆ ನೀನ ತೋರಸಪಾ," ಎಂದು ಒಳಗೆ ಹೋದರು.

ಹುಡುಗನು ಟವಲ್ಲಿನ ತುದಿಗೆ ಬಾಗಿಲ ಕೀಲಿಯನ್ನು ಕಟ್ಟಿ ನಮ್ಮ ಕೈಗೆ ಕೊಟ್ಟು, ಹಿಂದೆ ಮುಂದೆ ತೂಗಹೇಳಿದನು. ಒಂದೇ ಸಮನೆ ತೂಗಿದರೆ ಟವಲ್ಲು ಬಿಗಿಯಾಗಿ ನಿಂತು, ಕೀಲಿ ತೊಟ್ಟಿಲಿನಂತೆ ಹೋಗಿ ಬರುತ್ತಿತ್ತು. ಅವಸರದಿಂದ ಜಗ್ಗಿದೊಡನೆ ಟವಲ್ಲು ಮುದುಡಿ ಕೀಲಿ ದಿಕ್ಕುಗೆಡುತ್ತಿತ್ತು. ಕೋಲಿನ ಸಂಗತಿಯೂ ಇದೇ. ಅದು ಮುದುಡಲಾರದಾದ್ದರಿಂದ ನಮ್ಮ ಅವಸರವನ್ನು ಮುಚ್ಚಿಡುತ್ತದೆ, ಅಷ್ಟೆ.

ಆಮೇಲೆ ಕೋಲನ್ನು ತಲೆಕೆಳಗು ಮಾಡಿ, ಕಬ್ಬಿಣದ ತಲೆಯ ಬಳಿ ಹಿಡಿದು ಬೀಸಹೇಳಿದನು. 'ಸುಂಯ್' ಎಂಬ ಸಪ್ಪಳ ನಮ್ಮ ಬಲಭುಜದ ಪಕ್ಕದಲ್ಲಿಯೇ ಕೇಳಿಸಿತು. ಶಕ್ತಿಯೆಲ್ಲ ಅಲ್ಲಿಯೇ ಖರ್ಚಾಗುತ್ತಿತ್ತು! ಅದು ಕೆಳಗೆ, ಚೆಂಡಿರುವ ಜಾಗವನ್ನು ದಾಟುವಾಗ ಕೇಳಿಸಬೇಕು. "ಚೆಂಡ ಮರೀರಿ ಸರ. ಸಪ್ಪಳ ಎಲ್ಲಿ ಬರ್ತದ, ಅದನ್ನಷ್ಟ ಕೇಳ್ರಿ," ಎಂದನು. ಮೂರನೆಯ ಪಾಠದಲ್ಲಿ ಎರಡೂ ಪಾದಗಳನ್ನು ಕೂಡಿಸಿ ನಿಂತು ಅರ್ಧ ಬೀಸು ಬೀಸಬೇಕು. ಬಲ ಹೆಚ್ಚಾದರೆ ಕಾಲೇ ತಪ್ಪಿ ನಮಗೆ ಬುದ್ಧಿ ಹೇಳುವುದು. ನಾಲ್ಕನೆಯದಕ್ಕೆ ತಾಯಿಯ ರಂಗೋಲಿ ಪುಡಿಯಿಂದ ನೆಲದ ಮೇಲೆ ಗೆರೆಯೊಂದನ್ನು ಎಳೆದನು. ಕೋಲು ನೆಲ ಸವರಿದ ಗುರುತು ಗೆರೆಯ ಹಿಂದೆ ಬೀಳದೆ, ಗೆರೆಯಿಂದ ಮುಂದಕ್ಕೆ ಬೀಳಬೇಕು. ಒಂದು ಪಾಠ ಕೈಗೆ ಹತ್ತುವವರೆಗೆ ಇನ್ನೊಂದನ್ನು ಹೇಳಲಿಲ್ಲ. ತಪ್ಪಿದಾಗ ಸುಮ್ಮನೆ ನಿಂತು ಮುಂದಿನ ಬೀಸಿಗಾಗಿ ಕಾಯುತ್ತಿದ್ದನು.

ಹೊತ್ತು ಏರಿದಾಗ ಚೆಂಡು 'ಟಕ್' ಎಂದು ಎದ್ದು ಇಪ್ಪತ್ತು ಹೆಜ್ಜೆ ದೂರ ಹೋಯಿತು. ಬಲ ಹಾಕಿದ ನೆನಪೇ ನಮಗಿರಲಿಲ್ಲ.

ಮನೆಗೆ ಬಂದ ಮೇಲೆ ಈ ವಿಷಯವನ್ನು ಓದಿ ನೋಡಿದೆವು. ಅರ್ನೆಸ್ಟ್ ಜೋನ್ಸ್ ಎಂಬ ಆಂಗ್ಲ ಗಾಲ್ಫ್ ಗುರು 1916ರಲ್ಲಿ, ಮೊದಲನೆಯ ಮಹಾಯುದ್ಧದ ಕಾಲಕ್ಕೆ, ಬಲಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರು. ಆದರೂ ಚೆನ್ನಾಗಿ ಆಡಬಲ್ಲವರಾದರು. ಕಾಲು, ಸೊಂಟ, ಭುಜಗಳ ಚಿಂತೆಗಿಂತ ಕೋಲಿನ ತಲೆ ತೂಗುವ ಅನುಭವವೇ ಮುಖ್ಯವೆಂದು ಅವರು ಕಂಡುಕೊಂಡರು. ಮುಂದೆ ನ್ಯೂಯಾರ್ಕಿನಲ್ಲಿ ಕಲಿಸುವಾಗ ಕರವಸ್ತ್ರದ ತುದಿಗೆ ಚಿಕ್ಕ ಚಾಕುವನ್ನು ಕಟ್ಟಿ ತೂಗಿ ತೋರಿಸುತ್ತಿದ್ದರು. ಯರವಡೆಯ ಕೀಲಿಗೂ ನ್ಯೂಯಾರ್ಕಿನ ಚಾಕುವಿಗೂ ಎಂತಹ ನಂಟು! 1999ರಲ್ಲಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಹೊಸಬರ ಮೇಲೆ ನಡೆಸಿದ ಪ್ರಯೋಗವೂ ಇದನ್ನೇ ಹೇಳಿತು: ತಮ್ಮ ತೋಳುಗಳ ಮೇಲೆ ಗಮನವಿಟ್ಟವರಿಗಿಂತ ಕೋಲಿನ ತೂಗಾಟದ ಮೇಲೆ ಗಮನವಿಟ್ಟವರ ಚೆಂಡು ಗುರಿಗೆ ಹತ್ತಿರ ಬಿದ್ದಿತು. ಇನ್ನು ಬಲದ ಮಾತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರಿಗಿಂತ ದೂರ ಹೊಡೆಯುವವರು ಅನೇಕರಿದ್ದರು. ಆದರೂ ಅವರು ನಾಲ್ಕನೆಯವರಾದರು, ಒಂದೇ ಒಂದು ಹೊಡೆತದಿಂದ ಪದಕ ತಪ್ಪಿತು.

ಇವೆಲ್ಲ ಆಮೇಲಿನ ಓದು. ಅಂದು ಬಯಲಿನಲ್ಲಿ ನಮಗೆ ಹೊಳೆದುದು ಬೇರೆ. 'ಮೊಣಕೈ ನೋಡ್ರಿ, ಸೊಂಟ ನೋಡ್ರಿ, ತಲೆ ಎತ್ತಬ್ಯಾಡ್ರಿ' ಎಂದು ಹುಡುಗನು ಬೀಸಿನ ನಡುವೆ ನಾಲ್ಕು ಸಲ ಕೂಗಿದ್ದರೆ ನಾವು ಕೋಲೆಸೆದು ಮನೆಗೆ ಹೋಗುತ್ತಿದ್ದೆವು. ಅವನೂ ಹಾಗೆಯೇ ಹೋಗಿದ್ದನು. ಕೀಲಿ ಬಿಚ್ಚುತ್ತಿದ್ದ ಅವನಿಗೆ, "ಅಂದು ನಾವು ನಕ್ಕದ್ದು ತಪ್ಪಾಯಿತಪ್ಪಾ," ಎಂದೆವು. ಅವನು ಉತ್ತರ ಕೊಡಲಿಲ್ಲ. ಬುಧವಾರ ಶಾಲೆಗೆ ಬಂದನು.

ಅಂದಿನಿಂದ ನಮ್ಮ ಓದಿನ ಪಾಠದ ಕ್ರಮ ಬದಲಾಯಿತು. ಮೊದಲು ನಾವು ಒಂದು ವಾಕ್ಯ ಓದುವೆವು. ಅವನು ಪುಸ್ತಕ ಮುಚ್ಚಿ ಅದರ ಏರಿಳಿತವನ್ನಷ್ಟೇ ಕೇಳುವನು. ಬಳಿಕ ಇಬ್ಬರೂ ಕೂಡಿ ಓದುವೆವು. ಆಮೇಲೆ ಅವನೊಬ್ಬನೇ, ವಾಕ್ಯದ ಕೊನೆಯವರೆಗೆ. ನಡುವೆ ತಡೆಯುವುದಿಲ್ಲ, ಮುಗಿದ ಮೇಲೆ ಒಂದೇ ತಿದ್ದುಪಡಿ. ಬಾಯಿ ಕಟ್ಟಿಕೊಂಡು ಕೂಡ್ರುವುದು ಗಾಲ್ಫಿಗಿಂತ ಕಠಿಣವೆಂದು ಅನುಭವದಿಂದ ಹೇಳುತ್ತೇವೆ. ಆ ವರ್ಷದ ಸ್ನೇಹಸಮ್ಮೇಳನದಲ್ಲಿ ಅವನು ಒಂದು ಪುಟ ಓದಿದನು. ಎರಡು ಕಡೆ ನಿಂತನು. ನಿಂತಲ್ಲಿಂದ ಮತ್ತೆ ಹೊರಟನು. ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿ ತಂದೆ ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡು ಕೇಳುತ್ತಿದ್ದರು.

ಒತ್ತಕ್ಷರ ಅವನನ್ನು ಈಗಲೂ ಒಮ್ಮೊಮ್ಮೆ ಎಡವಿಸುತ್ತದೆ. ನಮ್ಮ ಕೋಲೂ ಒಮ್ಮೊಮ್ಮೆ ಗಾಳಿಯನ್ನೇ ಹೊಡೆಯುತ್ತದೆ. ಮಕ್ಕಳೇ, ನಿಮ್ಮ ಪಕ್ಕದವನು ಓದುತ್ತ ತಡವರಿಸಿದರೆ ಒಂದು ಕ್ಷಣ ಸುಮ್ಮನೆ ಕಾಯಿರಿ. ನಮ್ಮ ಅಜ್ಜಿಯ ಬೀಸುಕಲ್ಲೂ ಮೊದಲ ಸುತ್ತಿಗೆ ತಡೆದೇ ತಿರುಗುತ್ತಿತ್ತು. ಹಾಡು ಹಿಡಿದ ಮೇಲೆ ಹಿಟ್ಟು ತಾನಾಗಿ ಉದುರುತ್ತಿತ್ತು.